ಅಗಸೆ ಡಬ್ಬಿ, ಭದ್ರಾ ನೀರು, ನನ್ನ ಗುಂಗುರು ಕೂದಲು

ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಸೀರೆ ನೋಡುವ ಮೊದಲು ನನ್ನ ತಲೆ ನೋಡುತ್ತಿದ್ದರು. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಬಿಗಿಯಾಗಿ ಜಡೆ ಹಾಕಿಕೊಂಡು ಬಂದರೂ ಮಧ್ಯಾಹ್ನ ಎರಡರ ಹೊತ್ತಿಗೆ ಹಣೆ ಸುತ್ತ ಕೂದಲೆಲ್ಲ ಎದ್ದು ನಿಂತಿರುತ್ತಿತ್ತು. ಮದುವೆ ಜವಳಿಗೆ ಬಂದಿದ್ದ ಒಬ್ಬ ಅಜ್ಜಿ ಎಲ್ಲರ ಮುಂದೆ ಕೇಳಿಯೇಬಿಟ್ಟರು: "ಏನವ್ವಾ, ಇವತ್ತು ತಲೆ ಬಾಚ್ಕಂಡಿಲ್ಲೇನು?" ಬಾಚಿದ್ದೆ. ಅರ್ಧ ಗಂಟೆ ಬಾಚಿದ್ದೆ. ತೊಂದರೆ ಇದ್ದದ್ದೇ ಆ ಬಾಚುವುದರಲ್ಲಿ ಅಂತ ಗೊತ್ತಾಗುವ ಹೊತ್ತಿಗೆ ನನಗೆ 33 ವರ್ಷ.

ನಮ್ಮಮ್ಮನದು ನೇರವಾದ ಉದ್ದ ಕೂದಲು. ನನಗೆ ಗುಂಗುರು ಬಂದದ್ದು ಅಪ್ಪನಿಂದ. ಅಪ್ಪ ಇಲ್ಲಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ತಿಂಗಳಿಗೊಮ್ಮೆ ಸಣ್ಣಗೆ ಕಟಿಂಗ್ ಮಾಡಿಸಿಬಿಡುತ್ತಿದ್ದರು, ಹಾಗಾಗಿ ಅವರದ್ದು ಗುಂಗುರು ಅಂತ ಯಾರಿಗೂ ಗೊತ್ತೇ ಇರಲಿಲ್ಲ. ಅಮ್ಮನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿಯುವುದು, ಒಣ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬುಡದಿಂದ ಎಳೆಯುವುದು, ಎರಡು ಜಡೆ ಬಿಗಿದು ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟುವುದು. ನನ್ನ ಕಣ್ಣಲ್ಲಿ ನೀರು. "ಸುಮ್ನೆ ಕುತ್ಕ, ಅಲ್ಲಾಡಬ್ಯಾಡ" ಅಂತ ಅವರು. ಒಂದು ಸಲ ಬಾಚಣಿಗೆಯ ಹಲ್ಲು ಮುರಿದು ಕೂದಲೊಳಗೇ ಉಳಿದುಬಿಟ್ಟಿತ್ತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವಳು ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಇವತ್ತಿಗೂ ಆ ಗೆಳತಿ ಸಿಕ್ಕರೆ ಮೊದಲು ಅದನ್ನೇ ನೆನಪಿಸುತ್ತಾಳೆ.

ಮದುವೆಗೆ ಮುಂಚೆ ಕೂದಲು ನೇರ ಮಾಡಿಸಿದೆ. ಒಂದು ಪಾರ್ಲರಿನಲ್ಲಿ ಐದು ಗಂಟೆ ಕೂರಿಸಿದರು. ಘಾಟು ಮೂಗಿಗೆ ಬಡಿದು ಕಣ್ಣು ಉರಿಯುತ್ತಿತ್ತು. ಆಮೇಲೆ ಓದಿಕೊಂಡಿದ್ದು ಇಷ್ಟು: ಕೂದಲು ಅಂದರೆ ಕೆರಾಟಿನ್ ಅನ್ನುವ ಪ್ರೊಟೀನು. ಅದರೊಳಗೆ ಗಂಧಕದ ಕೊಂಡಿಗಳಿವೆ. ಆ ಕ್ರೀಮು ಕೊಂಡಿ ಬಿಡಿಸುತ್ತದೆ, ಕೂದಲನ್ನು ನೇರ ಹಿಡಿದು ಇನ್ನೊಂದು ಕ್ರೀಮಿನಿಂದ ಮತ್ತೆ ಕೊಂಡಿ ಹಾಕಿಸುತ್ತಾರೆ. ಹಚ್ಚಿದಷ್ಟು ಕೂದಲು ಹಾಗೇ ನೇರ ನಿಲ್ಲುತ್ತದೆ. ಬುಡದಿಂದ ಹೊಸದಾಗಿ ಬರುವ ಕೂದಲಿಗೆ ಮಾತ್ರ ಇದ್ಯಾವುದರ ಸುದ್ದಿಯೂ ಇರುವುದಿಲ್ಲ. ತಿಂಗಳಿಗೆ ಹೆಚ್ಚೂಕಮ್ಮಿ 1 ಸೆಂ.ಮೀ. ಲೆಕ್ಕದಲ್ಲಿ ಅದು ತನ್ನ ಪಾಡಿಗೆ ಗುಂಗುರಾಗಿಯೇ ಬೆಳೆಯುತ್ತದೆ. ಆರು ತಿಂಗಳಿಗೆ ನನ್ನ ತಲೆ ಮೇಲೆ ಎರಡಂಗುಲ ಗುಂಗುರು, ಅದರ ಕೆಳಗೆ ಒಣಹುಲ್ಲು. ಇನ್ನೊಮ್ಮೆ ಮಾಡಿಸಿದೆ. ತುದಿಗಳು ಪಟಪಟ ಮುರಿಯತೊಡಗಿದವು. ಮೂರನೇ ಸಲಕ್ಕೆ ಹೊಟ್ಟೆಯಲ್ಲಿ ಮಗಳಿದ್ದಳು, ಆ ಘಾಟಿನ ಹತ್ತಿರ ಹೋಗುವ ಮನಸ್ಸಾಗಲಿಲ್ಲ. ಭುಜದವರೆಗೆ ಕತ್ತರಿಸಿ ಹಾಕಿದೆ. ಆಮೇಲೆ ವರ್ಷಗಟ್ಟಲೆ ಒಂದು ಕ್ಲಿಪ್ಪು, ಒಂದು ತುರುಬು, ಅಷ್ಟೇ.

ಬದಲಾವಣೆ ಶುರುವಾಗಿದ್ದು ನೀರಿನ ದೆಸೆಯಿಂದ. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ಸಿಂಟೆಕ್ಸು, ಬಿಂದಿಗೆ, ಕುಕ್ಕರು ಎಲ್ಲ ತುಂಬಬೇಕು. ಅವತ್ತು ನೀರು ತಡವಾಗಿ ಬಂತು. ತಲೆಗೆ ನೀರು ಹಾಕಿಕೊಂಡು ಆಚೆ ಬರುವಷ್ಟರಲ್ಲಿ ಒಂಬತ್ತೂ ಮುಕ್ಕಾಲು. ಬಾಚಲು ಹೊತ್ತಿಲ್ಲ, ಒರೆಸಲೂ ಹೊತ್ತಿಲ್ಲ. ನೀರು ತೊಟ್ಟಿಕ್ಕುವ ತಲೆಯಲ್ಲೇ ಓಡಿದೆ. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ತಾನಾಗಿ ಒಣಗಿತು. ಹನ್ನೊಂದೂವರೆಗೆ ಕಾಲೇಜು ಹುಡುಗಿಯೊಬ್ಬಳು ದುಪಟ್ಟಾ ಬಿಲ್ ಮಾಡಿಸುತ್ತಾ ಕೇಳಿದಳು, "ಅಕ್ಕಾ, ಯಾವ ಪಾರ್ಲರಲ್ಲಿ ಕರ್ಲ್ಸ್ ಮಾಡಿಸಿದ್ರಿ?" ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಟ್ರಯಲ್ ರೂಮಿನ ಕನ್ನಡಿಯಲ್ಲಿ ನೋಡಿದರೆ ಕತ್ತಿನ ಹಿಂದೆ ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿ. ಮೇಲೆ ಮಾತ್ರ ಎಂದಿನ ಗಲಾಟೆ. ಆದರೂ ಆ ಹಿಂದಿನ ಸುರುಳಿ ನನ್ನದೇ, ಯಾರೂ ಮಾಡಿದ್ದಲ್ಲ.

ಅವತ್ತು ರಾತ್ರಿಯಿಂದ ಮೊಬೈಲಿನಲ್ಲಿ ವಿಡಿಯೋ ನೋಡುವ ಹುಚ್ಚು ಹತ್ತಿತು. ಅಲ್ಲಿ ಮೊದಲು ಕೇಳುವುದೇ "ನಿಮ್ಮದು ಯಾವ ಟೈಪು?" ಅಂತ. ಅಮೆರಿಕದ ಓಪ್ರಾ ವಿನ್‌ಫ್ರೇಗೆ ಕೇಶಾಲಂಕಾರ ಮಾಡುತ್ತಿದ್ದ ಆಂಡ್ರೆ ವಾಕರ್ ಎಂಬುವರು ಮಾಡಿದ ಲೆಕ್ಕವಂತೆ ಅದು. 1 ಅಂದರೆ ನೇರ, 2 ಅಲೆ, 3 ಸುರುಳಿ, 4 ಬಹಳ ಬಿಗಿ ಸುರುಳಿ. ಅದರೊಳಗೆ ಮತ್ತೆ ಎ, ಬಿ, ಸಿ. ಪೆನ್ಸಿಲ್ ದಪ್ಪದ ಸುರುಳಿಯಾದರೆ 3ಸಿ, ಮಾರ್ಕರ್ ಪೆನ್ನಿನಷ್ಟಾದರೆ 3ಬಿ. ನಾನೂ ಕೌಂಟರಿನ ಮಾರ್ಕರ್ ತಂದು ಕನ್ನಡಿ ಮುಂದೆ ಹಿಡಿದು ನೋಡಿದೆ. ಕತ್ತಿನ ಹತ್ತಿರ 3ಬಿ, ಕಿವಿ ಹಿಂದೆ 3ಎ, ನೆತ್ತಿ ಮೇಲೆ ಬರೀ ಅಲೆ. ಒಂದೇ ತಲೆಯಲ್ಲಿ ಮೂರು ನಂಬರು! ಈ ನಂಬರಿನಿಂದ ನನಗೆ ಇಲ್ಲಿಯವರೆಗೆ ಯಾವ ಉಪಯೋಗವೂ ಆಗಿಲ್ಲ. ಕೂದಲು ಕಿತ್ತು ಲೋಟದ ನೀರಲ್ಲಿ ಹಾಕಿ ತೇಲುತ್ತೋ ಮುಳುಗುತ್ತೋ ನೋಡುವ ಪರೀಕ್ಷೆಯೂ ಅಷ್ಟೇ. ಎಣ್ಣೆ ಹಚ್ಚಿದ ಕೂದಲು ತೇಲದೆ ಇನ್ನೇನು ಮಾಡೀತು?

ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ ಒಂದು ಮಾತು. ಗುಂಗುರು ಕೂದಲು ಹುಟ್ಟುವ ರಂಧ್ರ ದುಂಡಗಿರುವುದಿಲ್ಲ, ಚಪ್ಪಟೆ ಮತ್ತು ಓರೆ. ಅಲ್ಲಿಂದಲೇ ಕೂದಲು ತಿರುಚಿಕೊಂಡು ಬರುತ್ತದೆ. ತಲೆಯ ಚರ್ಮ ಎಣ್ಣೆ ಪಸೆ ಬಿಡುತ್ತದೆ, ಅಲ್ವಾ? ನೇರ ಕೂದಲಿನಲ್ಲಿ ಅದು ಸಲೀಸಾಗಿ ಕೆಳಗಿಳಿಯುತ್ತದೆ. ತಿರುವುಗಳಿದ್ದರೆ ಇಳಿಯುವುದಿಲ್ಲ. ಅದಕ್ಕೇ ನಮ್ಮಂಥವರಿಗೆ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಬರಗಾಲ. ಆ ಒಣ ಕೂದಲನ್ನು ಬಾಚಿದರೆ ಒಟ್ಟಿಗಿದ್ದ ಸುರುಳಿ ಎಳೆ ಎಳೆಯಾಗಿ ಬಿಟ್ಟುಕೊಂಡು ಹತ್ತಿ ಹಿಂಜಿದ ಹಾಗೆ ಆಗುತ್ತದೆ. ನಾನು 33 ವರ್ಷ ಹತ್ತಿ ಹಿಂಜುತ್ತಾ ಕೂತಿದ್ದೆ.

ಇಷ್ಟು ತಿಳಿದ ಮೇಲೆ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ವಿಡಿಯೋದಲ್ಲಿ ಹೇಳಿದ್ದನ್ನೆಲ್ಲ ತರಿಸಿದೆ. ಕ್ರೀಮು, ಜೆಲ್ಲು, ಮಾಸ್ಕು, ಲೀವ್-ಇನ್ನು, ಸೀರಮ್ಮು. ಒಂದು ತಿಂಗಳಲ್ಲಿ 2,800 ರೂಪಾಯಿ. ಮನೆಯವರಿಗೆ 1,200 ಅಂತ ಹೇಳಿದ್ದೆ. ಇದನ್ನು ಅವರು ಓದಿದರೆ ಓದಲಿ ಬಿಡಿ.

ಶಾಂಪೂವೇ ವಿಷ, ಮುಟ್ಟಬೇಡಿ, ಬರೀ ಕಂಡಿಷನರಿನಲ್ಲೇ ತಲೆ ತೊಳೆಯಿರಿ ಅಂತ ಒಬ್ಬಳು ಹೇಳಿದ್ದಳು. ಅದನ್ನೂ ನಂಬಿದೆ. ಅದು ಏಪ್ರಿಲ್ ತಿಂಗಳು. ದಾವಣಗೆರೆಯ ಏಪ್ರಿಲ್ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಸ್ಕೂಟಿಯಲ್ಲಿ ಒಂದು ಸುತ್ತು ಹೋಗಿ ಬಂದರೆ ಹೆಲ್ಮೆಟ್ಟಿನ ಒಳಗೆ ಬೆವರು, ಕತ್ತಿನ ಮೇಲೆ ಧೂಳಿನ ಗೆರೆ. ಅದರ ಮೇಲೆ ರಾತ್ರಿ ಎಣ್ಣೆ, ಬೆಳಿಗ್ಗೆ ಕಂಡಿಷನರ್. ಮೂರನೇ ವಾರಕ್ಕೆ ತಲೆ ಕೆರೆತ ಶುರುವಾಯಿತು. ಬಿಲ್ ಹಾಕುತ್ತಾ ಪೆನ್ನಿನಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆ. ಕಪ್ಪು ಬ್ಲೌಸಿನ ಹೆಗಲ ಮೇಲೆ ಹಳದಿ ಬಿಳುಪಿನ ಹೊಟ್ಟು. ಚರ್ಮದ ಡಾಕ್ಟರ ಹತ್ತಿರ ಹೋದೆ.

ಅವರು ಬ್ಯಾಟರಿ ಬಿಟ್ಟು ನೆತ್ತಿ ನೋಡಿದರು. ಏನೇನು ಹಚ್ಚುತ್ತೀರಿ ಅಂತ ಕೇಳಿ, ನನ್ನ ಪಟ್ಟಿ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಹೇಳಿದರು: "ತಲೆ ಚರ್ಮ ಬೇರೆ, ಕೂದ್ಲು ಬೇರೆ ಕಣಮ್ಮಾ. ಚರ್ಮ ತೊಳೀಬೇಕು, ಕೂದ್ಲಿಗೆ ಪಸೆ ಕೊಡ್ಬೇಕು. ನೀವು ಚರ್ಮಕ್ಕೆ ಪಸೆ ಕೊಡ್ತಾ ಕೂತೀರಿ." ಮಲಸೀಜಿಯಾ ಅನ್ನುವ ಶಿಲೀಂಧ್ರ ಎಲ್ಲರ ತಲೆ ಮೇಲೂ ಇರುತ್ತದಂತೆ. ಅದರ ಊಟವೇ ಎಣ್ಣೆ. ನಾನು ಮೂರು ವಾರ ಅದಕ್ಕೆ ಹಬ್ಬದೂಟ ಹಾಕಿದ್ದೆ. ಆ ಶಿಲೀಂಧ್ರವನ್ನು ತಗ್ಗಿಸುವ ಕೀಟೋಕೊನಜೋಲ್ ಅನ್ನುವ ಔಷಧಿ 2 ಶೇಕಡಾ ಇರುವ ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು, ನಾಲ್ಕು ವಾರ. ಎರಡನೇ ವಾರಕ್ಕೇ ಕೆರೆತ ನಿಂತಿತು.

ಚರ್ಮ ಬೇರೆ, ಕೂದಲು ಬೇರೆ. ನಾನು ನೋಡಿದ ಅಷ್ಟೂ ವಿಡಿಯೋಗಳಿಗಿಂತ ಈ ನಾಲ್ಕು ಪದ ಹೆಚ್ಚು ಕೆಲಸ ಮಾಡಿದವು. ಈಗ ನಾನು ಮಾಡುವುದೆಲ್ಲ ಇದರ ಮೇಲೇ ನಿಂತಿದೆ. ಶಾಂಪೂ ಬುಡಕ್ಕೆ ಮಾತ್ರ. ಕಂಡಿಷನರ್ ಕಿವಿಯಿಂದ ಕೆಳಗೆ ಮಾತ್ರ.

ಶಾಂಪೂ ವಿಷಯಕ್ಕೆ ಬಂದರೆ, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗ ಬಾಟಲಿ ಹಿಂದಿನ ಸಣ್ಣ ಅಕ್ಷರ ಓದುವುದು ಹೇಳಿಕೊಟ್ಟ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರೆದಿರುತ್ತಾರೆ. ಸೋಡಿಯಂ ಲಾರಿಲ್ ಸಲ್ಫೇಟ್ ನೀರಿನ ಪಕ್ಕದಲ್ಲೇ ಇದ್ದರೆ ಅದು ಜಿಡ್ಡನ್ನು ಜೋರಾಗಿ ಎತ್ತುತ್ತದೆ. ಕೊಕಾಮಿಡೊಪ್ರೊಪೈಲ್ ಬೀಟೈನ್ ಇದ್ದರೆ ಸ್ವಲ್ಪ ಮೆತ್ತಗೆ. 'ಕೋನ್' ಅಂತ ಕೊನೆಯಾಗುವ ಹೆಸರು, ಡೈಮೆಥಿಕೋನ್ ಥರದ್ದು, ಸಿಲಿಕೋನು. ಕೂದಲಿಗೆ ಹೊಳಪು ಕೊಡುತ್ತದೆ, ಬರೀ ನೀರಿಗೆ ಬಿಡುವುದಿಲ್ಲ, ಶಾಂಪೂ ಬೇಕೇ ಬೇಕು. ನಾನು ಶಾಂಪೂ ಬಿಟ್ಟು ಸಿಲಿಕೋನಿನ ಸೀರಮ್ ಹಚ್ಚುತ್ತಿದ್ದೆ. ಪದರದ ಮೇಲೆ ಪದರ. ಸೀಟೈಲ್ ಆಲ್ಕೋಹಾಲ್ ಅಂತ ನೋಡಿ ಹೆದರಿದ್ದೆ, ಅದು ಮೇಣದಂಥ ಮೆದು ಪದಾರ್ಥ, ಒಣಗಿಸುವಂಥದ್ದಲ್ಲ ಅಂತ ಅವನೇ ಹೇಳಿದ. ಕೊನೆಗೆ 180 ರೂಪಾಯಿಯ ಒಂದು ಶಾಂಪೂ, 200ರ ಒಂದು ಕಂಡಿಷನರ್, ತರಿಸಿದ್ದ ಆ ಜೆಲ್ಲು ಉಳಿದವು. ಮಿಕ್ಕದ್ದೆಲ್ಲ ನಾದಿನಿಗೆ ಕೊಟ್ಟೆ. ಅವಳದು ನೇರ ಕೂದಲು, ಅವಳು ಅದನ್ನೆಲ್ಲ ಏನು ಮಾಡಿದಳೋ ಕೇಳಿಲ್ಲ.

ಇಷ್ಟಾದರೂ ಕೆಲವು ವಾರ ಕೂದಲು ಮೆತ್ತಗೆ, ಕೆಲವು ವಾರ ತೆಂಗಿನ ನಾರು. ಅದೇ ಶಾಂಪೂ, ಅದೇ ಕೈ. ಕಾರಣ ಸಿಕ್ಕಿದ್ದು ಅಡುಗೆ ಮನೆಯಲ್ಲಿ. "ಬೋರ್ ನೀರಾಗೆ ಬ್ಯಾಳಿ ಬೇಯಲ್ಲ, ನಲ್ಲಿ ನೀರು ಹಾಕು" ಅಂತ ಅತ್ತೆ ಯಾವಾಗಲೂ ಹೇಳುತ್ತಾರೆ. ಅವತ್ತು ಕುಕ್ಕರ್ ನಾಲ್ಕು ಸಲ ಕೂಗಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಇತ್ತು. ಬೇಳೆಯೇ ಬೇಯದ ನೀರಿನಲ್ಲಿ ನಾನು ತಲೆ ತೊಳೆಯುತ್ತಿದ್ದೇನಲ್ಲ ಅಂತ ಆಗ ಹೊಳೆಯಿತು.

ಎರಡು ಬಾಟಲಿ ತೆಗೆದುಕೊಂಡೆ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ನಲ್ಲಿ ನೀರು. ಮೈಸೋಪನ್ನು ಚಾಕುವಿನಲ್ಲಿ ಕೆರೆದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ಕುಲುಕಿದೆ. ನಲ್ಲಿ ನೀರಿನಲ್ಲಿ ಕುತ್ತಿಗೆಯವರೆಗೆ ನೊರೆ. ಬೋರ್ ನೀರಿನಲ್ಲಿ ನೊರೆಯೇ ಇಲ್ಲ, ಮಜ್ಜಿಗೆ ಒಡೆದ ಹಾಗೆ ಬಿಳಿ ಗಸಿ ತೇಲುತ್ತಿತ್ತು. ನೀರಿನ ಫಿಲ್ಟರ್ ಕೂರಿಸುವ ಪರಿಚಯದವರೊಬ್ಬರು ಮೀಟರ್ ಅದ್ದಿ ನೋಡಿದರು. ಬೋರ್‌ನದು 1,140, ನಲ್ಲಿಯದು 160. ಆ ಮೀಟರ್ ತೋರಿಸುವುದು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ನೀರಲ್ಲಿ ಕರಗಿದ್ದೆಲ್ಲದರ ಲೆಕ್ಕ, ಬರೀ ಗಡಸುತನದ್ದಲ್ಲ. ಆದರೂ ಕುಡಿಯುವ ನೀರಿಗೆ ಅದು 500ರೊಳಗೆ ಇರಬೇಕು ಅನ್ನುತ್ತದೆ ಭಾರತೀಯ ಮಾನದಂಡ. ಗಡಸು ನೀರಿನಲ್ಲಿ ಜಾಸ್ತಿ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಕೂದಲ ಮೇಲೂ ಕೂರುತ್ತದೆ, ಗೀಸರಿನ ಕಾಯಿಲ್ ಮೇಲೆ ಸುಣ್ಣ ಕೂರುವ ಹಾಗೆ. ಕಾಯಿಸಿದರೆ ಹೋಗುತ್ತಲ್ಲ ಅಂದರು ನಮ್ಮವರು. ಕಾಯಿಸಿದರೆ ಹೋಗುವ ಗಡಸುತನ ಒಂದು, ಹೋಗದ್ದು ಇನ್ನೊಂದು. ಹೈಸ್ಕೂಲಿನಲ್ಲಿ ತಾತ್ಕಾಲಿಕ, ಶಾಶ್ವತ ಅಂತ ಬಾಯಿಪಾಠ ಮಾಡಿದ್ದು ಇಷ್ಟು ವರ್ಷದ ಮೇಲೆ ಬಚ್ಚಲಲ್ಲಿ ನೆನಪಾಯಿತು.

ನಮ್ಮ ಊರಿನ ನಲ್ಲಿ ನೀರಿನಲ್ಲಿ ಒಂದು ಪಾಲು ಭದ್ರಾ ಕಾಲುವೆಯದು. ಕುಂದವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿಕೊಂಡು ಊರಿಗೆ ಬಿಡುತ್ತಾರೆ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಈಗ ನೀರು ಎಷ್ಟಿದೆ ಅಂತ ಒಮ್ಮೆ ನೋಡುತ್ತೇನೆ. ಮೊದಲು ಬರೀ ಹಕ್ಕಿ ನೋಡುತ್ತಿದ್ದೆ. ನಲ್ಲಿ ನೀರು ಬರುವ ದಿನಕ್ಕೇ ತಲೆ ಸ್ನಾನ ಹೊಂದಿಸಿಕೊಂಡೆ. ಹೊಂದದಿದ್ದರೆ ಬೋರ್ ನೀರಿನಲ್ಲೇ ತೊಳೆದು, ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ನೀರಿನ ಕ್ಯಾನಿನದು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ, ಎರಡು ಚೊಂಬು ನೀರಿಗೆ ಬೀಳುವುದು ಚಿಲ್ಲರೆ ಕಾಸು. ಕುಡಿಯುವ ನೀರು ತಲೆಗೆ ಸುರಿಯೋದಾ ಅಂತ ಅತ್ತೆ ಮೊದಲ ಸಲ ಗೊಣಗಿದರು. ಅದೂ ನ್ಯಾಯವೇ.

ಈಗ ಭಾನುವಾರದ ಕತೆ ಹೇಳುತ್ತೇನೆ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಎರಡು ಚಮಚ ಕೊಬ್ಬರಿ ಎಣ್ಣೆ, ಕೂದಲ ಉದ್ದಕ್ಕೆ ಮಾತ್ರ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೊಟೀನ್ ನಷ್ಟ ಕಡಿಮೆ ಮಾಡುತ್ತದೆ ಅಂತ 2003ರಲ್ಲಿ ಒಂದು ಅಧ್ಯಯನ ಬಂದಿದೆ. ಸೂರ್ಯಕಾಂತಿ ಎಣ್ಣೆಯಲ್ಲೂ ಮಿನರಲ್ ಎಣ್ಣೆಯಲ್ಲೂ ಅದು ಕಾಣಲಿಲ್ಲವಂತೆ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ, ಅದೂ ಗೊತ್ತಿರಲಿ. ನನ್ನ ಕೂದಲಿಗಂತೂ ಹಿಡಿಸಿದೆ.

ಬುಡಕ್ಕೆ ಶಾಂಪೂ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತೇನೆ, ಉಗುರಿನಲ್ಲಲ್ಲ. ನೊರೆ ಇಳಿಯುವಾಗ ಉದ್ದದ ಕೂದಲು ತಾನೇ ಸ್ವಚ್ಛವಾಗುತ್ತದೆ. ಆಮೇಲೆ ಕಂಡಿಷನರ್ ಹಚ್ಚಿ, ನೀರು ಸೋರುತ್ತಿರುವಾಗಲೇ ಸಿಕ್ಕು ಬಿಡಿಸುವುದು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ. ವಾರದಲ್ಲಿ ಬಾಚಣಿಗೆ ನನ್ನ ತಲೆ ಮುಟ್ಟುವುದು ತಲೆ ತೊಳೆಯುವ ಎರಡು ದಿನ ಮಾತ್ರ. ಮೊದಮೊದಲು ಕೈತುಂಬ ಕೂದಲು ಬಂದಾಗ ಎದೆ ಧಸಕ್ ಅಂದಿತ್ತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಗುಂಗುರಿನಲ್ಲಿ ಅವು ಕೆಳಗೆ ಬೀಳದೆ ಸುರುಳಿಯಲ್ಲೇ ಸಿಕ್ಕಿಕೊಂಡಿದ್ದು ತೊಳೆಯುವ ದಿನ ಒಟ್ಟಿಗೆ ಬರುತ್ತವೆ. ನಾಲ್ಕು ದಿನದ ಬಾಕಿ.

ಒರೆಸಲು ಟರ್ಕಿ ಟವೆಲ್ ಬಿಟ್ಟೆ. ಅದರ ಎಳೆಗಳಿಗೆ ಕೂದಲು ಸಿಕ್ಕಿ ಉಬ್ಬುತ್ತದೆ. ಅಪ್ಪನ ಹಳೇ ಕಾಟನ್ ಪಂಚೆ ತಂದುಕೊಂಡೆ, ಒಗೆದೂ ಒಗೆದೂ ಹೂವಿನ ಹಾಗಾಗಿದೆ. ತಲೆ ಬಗ್ಗಿಸಿ ಅದರಲ್ಲಿ ಕೂದಲನ್ನು ಕೆಳಗಿನಿಂದ ಮೇಲಕ್ಕೆ ಒತ್ತುವುದು, ಅಷ್ಟೇ. ಉಜ್ಜುವ ಹಾಗಿಲ್ಲ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಅಪ್ಪನ ಟ್ರಂಕಿನಲ್ಲಿ ಪಂಚೆಗಳಿಗೆ ಮಾತ್ರ ಬರವಿಲ್ಲ.

ಇನ್ನು ಅಗಸೆ. ಅಂಗಡಿಯ 400 ರೂಪಾಯಿ ಜೆಲ್ ಖಾಲಿಯಾದಾಗ ಮತ್ತೆ ತರುವ ಧೈರ್ಯವಾಗಲಿಲ್ಲ. ಅಗಸೆ ಬೀಜದಿಂದ ಮನೆಯಲ್ಲೇ ಮಾಡಬಹುದು ಅಂತ ಓದಿದಾಗ ನಗು ಬಂತು. ನಮ್ಮಲ್ಲಿ ರೊಟ್ಟಿ ಜೊತೆ ಅಗಸೆ ಚಟ್ನಿಪುಡಿ ಇಲ್ಲದ ಮನೆ ಕಡಿಮೆ. ಡಬ್ಬಿ ಮೂಗಿನ ಮುಂದೆಯೇ ಇತ್ತು.

ನಾಲ್ಕು ಊಟದ ಚಮಚ ಬೀಜ, ಎರಡು ಲೋಟ ನೀರು, ಸಣ್ಣ ಉರಿ. ಕೈ ಬಿಡದೆ ತಿರುವುತ್ತಿರಬೇಕು, ಇಲ್ಲದಿದ್ದರೆ ಬೀಜ ತಳ ಹಿಡಿಯುತ್ತದೆ. ಐದು ನಿಮಿಷಕ್ಕೆ ನೀರಿನ ಮೇಲೆ ಬಿಳಿ ನೊರೆ ಬರುತ್ತದೆ. ಏಳು ಎಂಟು ನಿಮಿಷಕ್ಕೆ ಸೌಟು ಎತ್ತಿದರೆ ತೊಟ್ಟಿಕ್ಕುವ ಬದಲು ದಾರದ ಹಾಗೆ ಇಳಿಯುತ್ತದೆ. ಆಗಲೇ ಉರಿ ಆರಿಸಬೇಕು. ಇನ್ನೂ ತೆಳ್ಳಗಿದೆಯಲ್ಲ ಅನಿಸುವಾಗಲೇ. ಬಿಸಿ ಇರುವಾಗಲೇ ಸೋಸಬೇಕು. ಮೊದಲ ಸಲ ನಾನು ಫೋನ್ ಬಂತು ಅಂತ ಹೋಗಿ ಬಂದೆ. ಬರುವಷ್ಟರಲ್ಲಿ ಅದು ಗಟ್ಟಿಯಾಗಿ ಬೀಜವೂ ಲೋಳೆಯೂ ಒಂದಾಗಿಬಿಟ್ಟಿತ್ತು. ಚಹಾ ಸೋಸುವ ಜಾಲರಿಯಿಂದ ಒಂದು ಹನಿ ಇಳಿಯಲಿಲ್ಲ, ಬಟ್ಟೆಯಲ್ಲಿ ಹಿಂಡಲು ಹೋದರೆ ಚಿಮ್ಮಿ ಗೋಡೆಗೆ ಹಾರಿತು. ಅತ್ತೆ ಬಂದು ಪಾತ್ರೆಗೆ ಇಣುಕಿ, "ಏನವ್ವಾ ಇದು, ಅಂಬ್ಲಿ ಕಾಸಿಯೇನು?" ಅಂದರು. ಈಗ ಬ್ಲೌಸಿಗೆ ಹಾಕುವ ನೆಟ್ ಬಟ್ಟೆಯ ತುಂಡು ಇಟ್ಟುಕೊಂಡಿದ್ದೇನೆ. ಅದರಲ್ಲಿ ಸುರಿದರೆ ಜೆಲ್ ತಾನಾಗಿ ಇಳಿಯುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ. ಹುಳಿ ವಾಸನೆ ಬಂತೆಂದರೆ ಚೆಲ್ಲಿಬಿಡುವುದು, ಲೋಭ ಮಾಡಬಾರದು. ಒಮ್ಮೆ ಮಾಡಿದ್ದೆ, ದಿನವಿಡೀ ನನ್ನ ಸುತ್ತ ಹಳಸಿದ ಅನ್ನದ ವಾಸನೆ.

ಒದ್ದೆ ಕೂದಲಿಗೆ ಇದನ್ನು ಎರಡೂ ಕೈಯಲ್ಲಿ ಸವರಿ, ಹಿಡಿ ಹಿಡಿಯಾಗಿ ಮೇಲಕ್ಕೆ ಒತ್ತಿದರೆ ಪಿಚಕ್ ಪಿಚಕ್ ಅಂತ ಸದ್ದು ಬರುತ್ತದೆ. ಆ ಸದ್ದು ಬಂದರೆ ನೀರು ಸಾಕಷ್ಟಿದೆ ಅಂತ ಅರ್ಥ. ಬರದಿದ್ದರೆ ಇನ್ನೊಂದು ಚೂರು ನೀರು. ಆಮೇಲೆ ಮುಟ್ಟಬಾರದು. ಇದೇ ಕಷ್ಟದ ಕೆಲಸ. ಒಣಗುವವರೆಗೂ ಕೈ ತಾನಾಗಿ ತಲೆಗೆ ಹೋಗುತ್ತಿರುತ್ತದೆ.

ಒಣಗಿದಾಗ ಕೂದಲು ಗರಿಗರಿಯಾಗಿ ಸೆಟೆದು ನಿಲ್ಲುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ದಿನ ಹಾಗೇ ಅಂಗಡಿಗೆ ಹೋದೆ. ಸೀರೆ ವಿಭಾಗದ ಅಕ್ಕ ಒಂದು ಸುರುಳಿ ಮುಟ್ಟಿ ನೋಡಿ, "ಏನೇ, ತಲೆಗೂ ಗಂಜಿ ಹಾಕಿಸಿದ್ದೀಯಾ?" ಅಂತ ಕೇಳಿದರು. ಇಡೀ ಅಂಗಡಿ ನಕ್ಕಿತು. ಆದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಗಂಜಿ ಹಾಕಿದ ಕಾಟನ್ ಸೀರೆಯನ್ನು ಹಾಗೇ ಉಡುತ್ತೀವಾ? ಕೈಯಲ್ಲಿ ಉಜ್ಜಿ ಮೆದು ಮಾಡಿಕೊಳ್ಳುತ್ತೀವಿ. ಕೂದಲಿಗೂ ಹಾಗೇ. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡೇ ಹನಿ ಎಣ್ಣೆ ಸವರಿಕೊಂಡು ಮೆಲ್ಲಗೆ ಹಿಚುಕಿದರೆ ಗರಿಗರಿ ಒಡೆದು ಸುರುಳಿ ಮಾತ್ರ ಉಳಿಯುತ್ತದೆ.

ಅಮ್ಮನ ಮನೆಯ ಹಿತ್ತಲಿನ ದಾಸವಾಳದ ಸೊಪ್ಪನ್ನೂ ಬಿಟ್ಟಿಲ್ಲ. ಒಂದು ಬೊಗಸೆ ಎಲೆ ನೀರಿನಲ್ಲಿ ಕಿವುಚಿ ಸೋಸಿದರೆ ಬರುವ ಹಸಿರು ಲೋಳೆ ಸಿಕ್ಕು ಬಿಡಿಸಲು ಕಂಡಿಷನರಿಗೇನೂ ಕಡಿಮೆಯಿಲ್ಲ. ಸರಿಯಾಗಿ ಸೋಸದಿದ್ದರೆ ಎಲೆ ಚೂರು ಎರಡು ದಿನ ಕೂದಲಿಂದ ಉದುರುತ್ತಿರುತ್ತದೆ, ಅದೊಂದು ಕಾಟ. ಸೀಗೆಪುಡಿ ಮಾತ್ರ ಬಿಟ್ಟೆ. ಅದರ ಒರಟು ಪುಡಿ ನನ್ನ ಸುರುಳಿಯಲ್ಲಿ ಸಿಕ್ಕಿಕೊಂಡು ಮತ್ತೆ ತೊಳೆಯುವ ಕೆಲಸವಾಗುತ್ತಿತ್ತು, ಕೂದಲೂ ಒಣಗುತ್ತಿತ್ತು. ದೀಪಾವಳಿಯ ಎಣ್ಣೆ ನೀರಿನ ದಿನ ಅತ್ತೆ ಕೈಯಲ್ಲಿ ಹಾಕಿಸಿಕೊಳ್ಳುತ್ತೇನೆ. ಅವತ್ತು ಯಾವ ನಿಯಮವೂ ಇಲ್ಲ.

ರಾತ್ರಿ ದಿಂಬಿಗೆ ಸ್ಯಾಟಿನ್ ಕವರು. ಅಂಗಡಿಯಲ್ಲೇ ಲೈನಿಂಗ್ ಬಟ್ಟೆ ಒಂದು ಮೀಟರ್ ಕತ್ತರಿಸಿಕೊಂಡು ಹೊಲಿದೆ. ಕಾಟನ್ ಕವರಿನ ಹಾಗೆ ಕೂದಲನ್ನು ಉಜ್ಜುವುದಿಲ್ಲ. ನೆತ್ತಿಯ ಮೇಲೆ ಸಡಿಲವಾಗಿ ಒಂದು ಜುಟ್ಟು ಕಟ್ಟಿ ಮಲಗುತ್ತೇನೆ. ನಮ್ಮವರು ಅದನ್ನು ಹುಂಜದ ಜುಟ್ಟು ಅನ್ನುತ್ತಾರೆ. ಬೆಳಿಗ್ಗೆ ಬಿಚ್ಚಿ, ಕೈ ಒದ್ದೆ ಮಾಡಿಕೊಂಡು ಎದ್ದು ನಿಂತ ಸುರುಳಿಗಳಿಗಷ್ಟು ಸವರಿದರೆ ಮುಗಿಯಿತು. ಎರಡು ನಿಮಿಷ. ಮೊದಲಿನ ಅರ್ಧ ಗಂಟೆ ಎಲ್ಲಿ! ಇನ್ನೊಂದು ಲಾಭ ಯಾರೂ ಹೇಳಿರಲಿಲ್ಲ: ಮಲ್ಲಿಗೆ ಮಾಲೆ ಮುಡಿದರೆ ಪಿನ್ನೇ ಬೇಡ. ಸುರುಳಿಗೆ ಸಿಕ್ಕಿಸಿದರೆ ಸಂಜೆವರೆಗೆ ಅಲುಗುವುದಿಲ್ಲ.

ಎಲ್ಲ ದಿನವೂ ಚೆನ್ನಾಗಿರುತ್ತದೆ ಅಂತಲ್ಲ. ಮೋಡ ಕವಿದ ಜುಲೈ ದಿನಗಳಲ್ಲಿ ಏನು ಹಚ್ಚಿದರೂ ಉಬ್ಬುತ್ತದೆ. ಹೆಲ್ಮೆಟ್ ತೆಗೆದಾಗ ನೆತ್ತಿ ಚಪ್ಪಟೆ, ಕೆಳಗೆ ಗುಡಾಣ. ಆಗ ಆ ಹಳೇ ಕ್ಲಿಪ್ಪೇ ಗತಿ.

ಮಗಳಿಗೆ ಈಗ ಆರು ವರ್ಷ. ಅವಳದೂ ಅಪ್ಪನ ಕೂದಲೇ, ಅಂದರೆ ನನ್ನಪ್ಪನದು. ಶಾಲೆಗೆ ಎರಡು ಜಡೆ ಕಡ್ಡಾಯ. ಭಾನುವಾರ ಸಂಜೆ ಒದ್ದೆ ಕೂದಲಿಗೆ ದಾಸವಾಳದ ಲೋಳೆ ಹಚ್ಚಿ, ತುದಿಯಿಂದ ಬಿಡಿಸಿ, ಸಡಿಲವಾಗಿ ಹೆಣೆದು ಮಲಗಿಸುತ್ತೇನೆ. ಬೆಳಿಗ್ಗೆ ರಿಬ್ಬನ್ ಕಟ್ಟುವುದಷ್ಟೇ. ಅಳುವುದಿಲ್ಲ, ಆದರೆ ಸುಮ್ಮನೆ ಕೂರುವುದೂ ಇಲ್ಲ. ಒಂದೊಂದು ಸುರುಳಿ ಎಳೆದು ಬಿಟ್ಟು "ಟೊಯ್ಂಯ್" ಅಂತ ಸದ್ದು ಮಾಡುತ್ತಿರುತ್ತಾಳೆ. ಮೊನ್ನೆ ಅಮ್ಮ ಬಂದಿದ್ದರು. ನಾನು ಅಗಲ ಹಲ್ಲಿನ ಬಾಚಣಿಗೆ ಹಿಡಿದಿದ್ದನ್ನು ಸ್ವಲ್ಪ ಹೊತ್ತು ನೋಡಿ, "ನಿಂಗೂ ಹಿಂಗೇ ಮಾಡಬಹುದಿತ್ತೇನೋ" ಅಂದರು. ಅವರಿಗಾದರೂ ಯಾರು ಹೇಳಿಕೊಟ್ಟಿದ್ದರು? ಮಗಳ ತಲೆ ಮುಗಿದ ಮೇಲೆ ಬಾಚಣಿಗೆಯನ್ನು ಅವರ ಕೈಗೆ ಕೊಟ್ಟು ನಾನೇ ಮುಂದೆ ಕೂತೆ. ಅಭ್ಯಾಸ ಬಲದಿಂದ ಬುಡದಿಂದಲೇ ಶುರು ಮಾಡಿದರು. "ಅಮ್ಮಾ, ತುದಿಯಿಂದ" ಅಂದೆ.

ನಾಳೆ ನಲ್ಲಿ ನೀರು ಬರುವ ದಿನ. ಫ್ರಿಜ್ಜಿನಲ್ಲಿ ಜೆಲ್ ಖಾಲಿ. ಡಬ್ಬಿಯಲ್ಲಿ ಇರುವುದು ಸರಿಯಾಗಿ ನಾಲ್ಕು ಚಮಚ ಅಗಸೆ, ಅತ್ತೆ ಆಗಲೇ ಬಾಣಲೆ ಇಟ್ಟು ಚಟ್ನಿಪುಡಿಗೆ ಹುರಿಯಲು ಕೂತಿದ್ದಾರೆ.